ನೀರುಳ್ಳಿ ಮುಟ್ಟದ ಬೇಟೆಗತ್ತಿ

ಲವಂಗದ ಎಣ್ಣೆಯ ವಾಸನೆ ಬಂದರೆ ಲೋಕದಲ್ಲಿ ಉಳಿದವರಿಗೆಲ್ಲ ಹಲ್ಲುನೋವು ನೆನಪಾಗುತ್ತದೆ. ನನಗೆ ಬೇಟೆ ನೆನಪಾಗುತ್ತದೆ. ಮೊನ್ನೆ ವಡಪಳನಿಯಲ್ಲಿ ದಂತವೈದ್ಯೆಯ ಕುರ್ಚಿಯ ಮೇಲೆ ಬಾಯಿ ತೆರೆದು ಅಂಗಾತ ಬಿದ್ದುಕೊಂಡಿದ್ದಾಗ ಈ ವಿಷಯವನ್ನು ಆಕೆಗೆ ತಿಳಿಸಬೇಕೆನಿಸಿತು. ಆದರೆ ಆ ಭಂಗಿಯಲ್ಲಿ ಮನುಷ್ಯ ಆಡಬಲ್ಲ ಮಾತು ಬಹಳ ಕಡಿಮೆ. ನನ್ನ ಮಗಳಿಗಿಂತ ಸ್ವಲ್ಪವೇ ದೊಡ್ಡವಳಿರಬಹುದಾದ ಆ ಹುಡುಗಿ ನನ್ನ ದವಡೆಗೆ ಹತ್ತಿಯ ಉಂಡೆಗಳನ್ನು ತುರುಕಿ, ಬೆರಳುದ್ದದ ಬಾಟಲಿಯೊಂದರ ಮುಚ್ಚಳ ತಿರುಗಿಸಿದಳು. ಕಟುವಾದ, ಬಿಸಿಯಾದ, ಸ್ವಲ್ಪ ಸಿಹಿಯೂ ಆದ ಆ ವಾಸನೆ ಮೂಗಿಗೇರಿತು. ಕಣ್ಣು ಮುಚ್ಚಿಕೊಂಡೆ. ತಲೆಯ ಮೇಲಿನ ದೀಪ ರೆಪ್ಪೆಯೊಳಗೆ ಕೆಂಪಗೆ ಹರಡಿತು. ಆ ಕೆಂಪು ನಿಧಾನವಾಗಿ ಪುರಸೈವಾಕ್ಕಂನ ಸಂಜೆಯ ಬಿಸಿಲಾಯಿತು. ನಾನು ನಮ್ಮ ಹೋಟೆಲಿನ ಮಾಳಿಗೆಯ ಹಿಂಬದಿಯ ಜಗಲಿಯಲ್ಲಿ, ಅನಂತ ಚಿಕ್ಕಪ್ಪನ ಮೊಣಕಾಲಿಗೆ ಒರಗಿ, ಹಳೆಯ ಪಂಚೆಯ ತುಂಡಿನಿಂದ ಅವರು ಕತ್ತಿಗೆ ಎಣ್ಣೆ ಸವರುವುದನ್ನು ನೋಡುತ್ತ ಕುಳಿತಿದ್ದೆ.

ನಮ್ಮದು ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು ಇಡ್ಲಿಯಿಂದ ಬದುಕಿಕೊಂಡ ಮನೆತನ. ಕೆಳಗೆ ಹೋಟೆಲು, ಮೇಲೆ ಮನೆ, ನಡುವೆ ಸಾಂಬಾರಿನ ಹಬೆ ಹತ್ತಿ ಜಿಡ್ಡುಗಟ್ಟಿದ ಮರದ ಮೆಟ್ಟಿಲು. ಬೆಳಗ್ಗೆ ಎಚ್ಚರವಾಗುತ್ತಿದ್ದುದು ರುಬ್ಬುವ ಯಂತ್ರದ ಗುಡುಗಿಗೆ. ಹಾಸಿಗೆಯ ಕೆಳಗಿನ ನೆಲವೇ ಸಣ್ಣಗೆ ನಡುಗುತ್ತಿತ್ತು, ಭೂಮಿತಾಯಿಗೆ ಚಳಿಯಾದಂತೆ. ಮೊದಲ ಡಿಕಾಕ್ಷನ್ನಿನ ಪರಿಮಳ ಮೆಟ್ಟಿಲು ಹತ್ತಿ ಬರುವುದು, ಅದರ ಹಿಂದೆಯೇ ಒಗ್ಗರಣೆಯ ಇಂಗು, ಆಮೇಲೆ ಬೀದಿಯ ಕಡೆಯಿಂದ ಜವಳಿ ಅಂಗಡಿಗಳ ಹೊಸ ಬಟ್ಟೆಯ ಗಂಜಿವಾಸನೆ. ಅಪ್ಪಯ್ಯ ಅಡುಗೆಮನೆಯನ್ನು ನೋಡಿಕೊಳ್ಳುತ್ತಿದ್ದರು. ಅವರ ತಮ್ಮ ಅನಂತ ಚಿಕ್ಕಪ್ಪ ಬೆಳಗ್ಗೆ ತರಕಾರಿ ತರುವುದು, ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು. ಎರಡೂ ಅಂತಸ್ತುಗಳನ್ನು ಅಜ್ಜಿ ಆಳುತ್ತಿದ್ದಳು, ಒಂದು ದಿನವೂ ಮೆಟ್ಟಿಲಿಳಿಯದೆ. ಸಾಂಬಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಮೇಲಿನಿಂದಲೇ, ಬರಿಯ ಹಬೆಯ ಮೇಲೆ ತೀರ್ಪು ಕೊಡುತ್ತಿದ್ದಳು. ಆ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಚಿಕ್ಕಪ್ಪ ಮದುವೆಯಾಗಲಿಲ್ಲ. ತೆಳ್ಳಗೆ, ಉದ್ದಕ್ಕೆ, ಕುತ್ತಿಗೆಯನ್ನು ಸ್ವಲ್ಪ ಮುಂದಕ್ಕೆ ಚಾಚಿಕೊಂಡು ನಡೆಯುತ್ತಿದ್ದ, ಯಾರ ಮನಸ್ಸನ್ನೂ ನೋಯಿಸಲು ಬಾರದ ಮನುಷ್ಯ. ಜಿರಲೆ ಕಂಡರೆ ಪೊರಕೆಯಿಂದ ಮೆಲ್ಲಗೆ ಬಾಗಿಲ ತನಕ ಬೀಳ್ಕೊಟ್ಟು, "ಹೋಗ್ ಮಾರಾಯ, ಎದುರು ಹೋಟ್ಲಿಗೆ ಹೋಗ್" ಎನ್ನುತ್ತಿದ್ದರು. ಇಂಥ ಮಹಾನುಭಾವರಿಗೆ ಲೋಕದಲ್ಲಿದ್ದ ಏಕೈಕ ವ್ಯಸನವೆಂದರೆ ಬೇಟೆಯ ಕತ್ತಿಗಳು. ಅಂಗಡಿಯಲ್ಲಿ ಸಿಗುವಂಥವಲ್ಲ, ಕಮ್ಮಾರನ ಹತ್ತಿರ ಕುಳಿತು, ಅಳತೆ ಕೊಟ್ಟು, ಜಗಳವಾಡಿ ಮಾಡಿಸಿಕೊಂಡವು. ಹಂದಿಗೆ ಯಾವುದು, ಜಿಂಕೆಗೆ ಯಾವುದು, ಚರ್ಮ ಸುಲಿಯುವ ಕತ್ತಿಯ ಹೊಟ್ಟೆ ಏಕೆ ಉಬ್ಬಿರಬೇಕು, ಮೊನೆ ಏಕೆ ತಗ್ಗಿರಬೇಕು, ಎಲ್ಲವೂ ಅವರಿಗೆ ಗೊತ್ತಿತ್ತು. ಹಂದಿ ಜಿಂಕೆಗಳನ್ನು ಅವರು ನೋಡಿದ್ದು ನನ್ನ ಜೊತೆ, ಮೃಗಾಲಯದಲ್ಲಿ. ಅಲ್ಲಿಯೂ ಕಡಲೆಕಾಯಿ ಹಾಕಬಾರದೆಂದು ಬರೆದಿದ್ದ ಬೋರ್ಡಿಗೆ ಬೆನ್ನು ಮಾಡಿ ನಿಂತು ಜಿಂಕೆಗೆ ಕಡಲೆಕಾಯಿ ಹಾಕಿದ್ದರು.

ಈ ವ್ಯಸನ ಅಂಟಿಸಿದವರು ಪೆರಂಬೂರಿನ ಕಡೆಯಿಂದ ಬರುತ್ತಿದ್ದ ಒಬ್ಬ ಆಂಗ್ಲೋ ಇಂಡಿಯನ್ ಮುದುಕರು, ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಾನು ಹುಟ್ಟುವ ಮೊದಲಿನ ಮಾತು. ಮೂಲೆಯ ಮೇಜಿನಲ್ಲಿ ಕುಳಿತು ಎರಡು ಇಡ್ಲಿಯನ್ನು ಬಹಳ ಗೌರವದಿಂದ ತಿಂದು, ಬೆಕ್ಕಿಗೆಂದು ಒಂದು ವಡೆ ಕಟ್ಟಿಸಿಕೊಂಡು ಹೋಗುತ್ತಿದ್ದರಂತೆ. ಒಂದು ದಿನ ಪಾರ್ಸೆಲ್ಲಿನ ನೂಲು ಗಂಟಾಗಿ ಕೂತಾಗ ಕೋಟಿನೊಳಗಿನಿಂದ ತಮ್ಮ ಹಳೆಯ ಬೇಟೆಗತ್ತಿ ತೆಗೆದು ನೂಲಿಗೆ ಸುಮ್ಮನೆ ತಾಗಿಸಿದರು; ನೂಲು ತಾನೇ ಬಿಟ್ಟುಕೊಂಡಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಚಿಕ್ಕಪ್ಪನ ಭವಿಷ್ಯ ಅಲ್ಲಿಗೆ ನಿರ್ಧಾರವಾಯಿತು. "ಕುಯ್ದದ್ದಲ್ಲ ಮಾಣಿ, ಮುಟ್ಟಿದ್ದು ಅಷ್ಟೇ" ಎಂದು ನನಗೆ ಆ ಕಥೆ ಹೇಳುವಾಗಲೆಲ್ಲ ಅವರ ತೋರುಬೆರಳು ಗಾಳಿಯಲ್ಲಿ ಕಾಣದ ನೂಲನ್ನು ಮುಟ್ಟುತ್ತಿತ್ತು. ಕತ್ತಿಗೆ ಲವಂಗದ ಎಣ್ಣೆ ಸವರುವ ಅಭ್ಯಾಸವೂ ಆ ಗಾರ್ಡಿನಿಂದಲೇ ಬಂದದ್ದು.

ನಾನು ಕಂಡಂತೆ ಚಿಕ್ಕಪ್ಪನ ಬಳಿ ಮೂರು ಕತ್ತಿಗಳಿದ್ದವು. ಎರಡನ್ನು ಅವರು ಅಭ್ಯಾಸದವು ಎನ್ನುತ್ತಿದ್ದರು. ಮೂರನೆಯದು ಕತ್ತಿ. ಅದು ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾಧವರಂನ ಲಾರಿ ಶೆಡ್ಡುಗಳ ಹಿಂದೆ ತಗಡಿನ ಮಾಡಿನ ಕೆಳಗೆ ಒಬ್ಬ ಆಚಾರಿಯ ಕುಲುಮೆ. ಮುರಿದ ಲಾರಿಗಳ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಅವರು ಮಚ್ಚು, ಉಳಿ, ಗುದ್ದಲಿ ಮಾಡುತ್ತಿದ್ದರು. ಚಿಕ್ಕಪ್ಪನ ಸಹವಾಸದಿಂದ ಅವರ ಕಸುಬಿಗೆ ಸ್ವಲ್ಪ ಹುಚ್ಚೂ ಸೇರಿಕೊಂಡಿತ್ತು. ಹಿಡಿಗೆ ಕೈಯ ಅಳತೆ ಬೇಕು, ಒದ್ದೆ ಮಣ್ಣನ್ನು ಹಿಡಿದು ತೋರಿಸಿ ಎಂದರು ಆಚಾರಿ. ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ ಎಂದು ಚಿಕ್ಕಪ್ಪನ ಆಕ್ಷೇಪ. ಮುಂದಿನ ವಾರ ನಾವು ಬಸ್ಸಿನಲ್ಲಿ ಹೋದದ್ದು ನಮ್ಮ ಹೋಟೆಲಿನ ಪೂರಿಹಿಟ್ಟಿನ ದೊಡ್ಡ ಉಂಡೆಯನ್ನು ಬಾಳೆಲೆಯಲ್ಲಿ ಸುತ್ತಿಕೊಂಡು. ಕುಲುಮೆಯ ಮುಂದೆ ನಿಂತು ಚಿಕ್ಕಪ್ಪ ಆ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದರು, ಎದುರಿಗೆ ಕಾಡುಹಂದಿಯೇ ನಿಂತಿದೆಯೇನೋ ಎಂಬಂತೆ, ಕಣ್ಣು ಕಿರಿದು ಮಾಡಿ. ಆಚಾರಿ ಬಾಯಿಯ ಬೀಡಿ ತೆಗೆದು, "ಸಾಮಿ, ಪೂರಿಗೆ ಎಣ್ಣೆ ರೆಡಿ ಮಾಡಲಾ?" ಎಂದು ಕೇಳಿದರು. ನಕ್ಕು ಮುಗಿದ ಮೇಲೆ ಬೆರಳುಗಳ ಅಚ್ಚು ಬಿದ್ದ ಆ ಹಿಟ್ಟನ್ನು ಕುಲುಮೆಯ ಬಿಸಿಯಲ್ಲೇ ಒಣಗಿಸಿ, ಅದನ್ನು ನೋಡಿ ನೋಡಿ ಹಿಡಿ ಕೆತ್ತಿದರು. ಹಿಡಿಗೆ ಮರ ಕೊಟ್ಟದ್ದು ನಮ್ಮ ಹೋಟೆಲಿನ ಮುರಿದ ಬೀಟೆ ಕುರ್ಚಿಯೊಂದರ ಕಾಲು. ಆ ಕುರ್ಚಿ ಬಹುಶಃ ಗಾರ್ಡು ಕೂರುತ್ತಿದ್ದದ್ದೇ ಎಂದು ಚಿಕ್ಕಪ್ಪ ನಂಬಿದ್ದರು. ನಾವು ಆ ನಂಬಿಕೆಗೆ ಕೈಹಾಕಲಿಲ್ಲ. ಹಿಡಿಯನ್ನು ಕೂರಿಸಿದ್ದು ಮೂರು ಹಿತ್ತಾಳೆಯ ಮೊಳೆಗಳಿಂದ. ಚರ್ಮದ ಒರೆ ಮನೆಯ ಸುತ್ತ ಸುಳಿಯುವಂತಿರಲಿಲ್ಲವಾದ್ದರಿಂದ ಹೋಟೆಲಿನ ಹಳೆಯ ಟಾರ್ಪಾಲಿನ ತುಂಡಿನಲ್ಲಿ ಒರೆ ಹೊಲಿಸಿದರು. ಇಷ್ಟು ಶುದ್ಧ ಸಸ್ಯಾಹಾರಿಯಾದ ಬೇಟೆಗತ್ತಿ ಭೂಮಂಡಲದಲ್ಲಿ ಇನ್ನೊಂದು ಇದ್ದಿರಲಾರದು.

ಅದು ಬೇಟೆಯಾಡಿದ್ದು ಕೋಯಂಬೇಡಿನ ತರಕಾರಿ ಮಾರುಕಟ್ಟೆಯಲ್ಲಿ. ಶಾಲೆಗೆ ರಜೆಯಿದ್ದಾಗ ನಾನೂ ಹೋಗುತ್ತಿದ್ದೆ. ಒದ್ದೆ ಗೋಣಿ, ಕೊತ್ತಂಬರಿಯ ಕಂತೆ, ಕೊಳೆತ ಕೋಸಿನೆಲೆ, ಲಾರಿಯ ಹೊಗೆ ಎಲ್ಲ ಬೆರೆತ ಆ ಹಸಿ ವಾಸನೆಯ ನಡುವೆ ಚಿಕ್ಕಪ್ಪ ಸೊಂಟಕ್ಕೆ ಟಾರ್ಪಾಲಿನ ಒರೆ ಸಿಕ್ಕಿಸಿಕೊಂಡು, ಸದ್ದಿಲ್ಲದೆ, ಗಾಳಿಯ ದಿಕ್ಕು ನೋಡಿಕೊಂಡು ಸುವರ್ಣಗಡ್ಡೆಯ ರಾಶಿಯ ಕಡೆಗೆ ಸಾಗುವರು. ಬೇಟೆಯ ಪ್ರಾಣಿಗಳಲ್ಲಿ ಅತ್ಯಂತ ಮೋಸದ್ದು ಸುವರ್ಣಗಡ್ಡೆ ಎಂಬುದು ಅವರ ಸಿದ್ಧಾಂತ. ಹೊರಗಿನಿಂದ ಆನೆಯ ಪಾದದಂತೆ ಗಂಭೀರವಾಗಿದ್ದು ಒಳಗೆ ಕೊಳೆತಿರುತ್ತದೆ. ಕತ್ತಿಯ ಮೊನೆಯಿಂದ ಒಂದು ಚಿಪ್ಪಿನಷ್ಟು ಸಿಪ್ಪೆ ಎಬ್ಬಿಸಿ, ಒಳಗಿನ ಬಣ್ಣ ನೋಡಿ, ಎಬ್ಬಿಸಿದ ಸಿಪ್ಪೆಯನ್ನು ಗಾಯಕ್ಕೆ ಪಟ್ಟಿ ಹಾಕಿದಂತೆ ಮತ್ತೆ ಕೂರಿಸಿಬಿಡುತ್ತಿದ್ದರು. ಗಡ್ಡೆ ಮಾರುವವರಿಗೆಲ್ಲ ಅವರು 'ವೇಟ್ಟೈಕಾರ ಸಾಮಿ', ಬೇಟೆಗಾರ ಸ್ವಾಮಿ. ಒಮ್ಮೆ ಹೊಸದಾಗಿ ಬಂದ ಪೊಲೀಸಿನವನು ಒರೆ ನೋಡಿ ತಡೆದು, ಇದೇನು ಎಂದು ಕೇಳಿದ. ಚಿಕ್ಕಪ್ಪ ಸುಳ್ಳು ಹೇಳುವವರಲ್ಲ. ಬೇಟೆಯ ಕತ್ತಿ ಎಂದರು. ಏನು ಬೇಟೆ ಎಂದ. ಚಿಕ್ಕಪ್ಪ ಚೀಲ ಬಿಚ್ಚಿ ತೋರಿಸಿದರು. ಗಡ್ಡೆಯನ್ನೂ ಚಿಕ್ಕಪ್ಪನನ್ನೂ ಬಹಳ ಹೊತ್ತು ನೋಡಿದ ಮೇಲೆ ಆ ಪುಣ್ಯಾತ್ಮ, "ಪೋಂಗ ಸಾಮಿ" ಎಂದು ಕೈಮುಗಿದು ಕಳಿಸಿದ. ಮನೆಗೆ ಬಂದು ಜಗಲಿಯಲ್ಲಿ ಕುಳಿತು ಅವರು ಗಡ್ಡೆಯ ಸಿಪ್ಪೆ ತೆಗೆಯುವುದು ನೋಡಬೇಕಿತ್ತು. ಆ ಒರಟು ಕಪ್ಪು ತೊಗಲು ಒಂದೇ ಸಮನೆ, ಉದ್ದದ ರಿಬ್ಬನ್ನಾಗಿ, ಎಲ್ಲಿಯೂ ತುಂಡಾಗದೆ ಇಳಿದು ಬರುತ್ತಿತ್ತು. ಅಡುಗೆಯವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಕತ್ತಿಯನ್ನು ಕೆಳಗಿನ ಅಡುಗೆಮನೆಗೆ ಕೊಡಿ ಎಂದು ಯಾರಾದರೂ ಕೇಳಿದರೆ ಮಾತ್ರ ಚಿಕ್ಕಪ್ಪನಿಗೆ ಕೋಪ ಬರುತ್ತಿತ್ತು. "ನೀರುಳ್ಳಿ ಹೆಚ್ಚೂಕೆ ಮಾಡ್ಸಿದ್ದಲ್ಲ ಇದ್" ಎನ್ನುತ್ತಿದ್ದರು.

ಇಷ್ಟೆಲ್ಲ ವೈಭವದ ಕತ್ತಿಗೆ ಮನೆಯೊಳಗೆ ಪ್ರವೇಶವಿರಲಿಲ್ಲ. ಹೆಸರಲ್ಲೇ ಬೇಟೆ ಇರುವ ವಸ್ತು ಹೊಸ್ತಿಲು ದಾಟಬಾರದೆಂದು ಅಜ್ಜಿಯ ಶಾಸನ. ಹಾಗಾಗಿ ಅದು ಜಗಲಿಯ ಮೇಲಿನ ಗೂಡಿನಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ, ಎಣ್ಣೆಬಟ್ಟೆ ಸುತ್ತಿಕೊಂಡು ಅಸ್ಪೃಶ್ಯವಾಗಿ ಮಲಗಿರುತ್ತಿತ್ತು. ವರ್ಷವಿಡೀ ಚಿಕ್ಕಪ್ಪ ಇದನ್ನು ಸಹಿಸಿಕೊಳ್ಳುತ್ತಿದ್ದರು. ಸಹಿಸಲಾಗದ್ದು ಆಯುಧಪೂಜೆಯ ಒಂದು ದಿನ. ಅಂದು ದೇವರ ಮುಂದೆ ಉದ್ದ ಮಣೆ ಹಾಕಿ ಅಜ್ಜಿ ಮನೆಯ, ಹೋಟೆಲಿನ ಸಮಸ್ತ ಆಯುಧಗಳನ್ನೂ ಸಾಲಾಗಿ ಇಡುತ್ತಿದ್ದಳು: ಮೆಟ್ಟುಕತ್ತಿ, ಕಾಯಿ ಹೆರೆಯುವ ಮಣೆ, ದೋಸೆ ಸಟ್ಟುಗ, ಗಲ್ಲಾಪೆಟ್ಟಿಗೆಯ ಬೀಗದ ಕೈ, ನನ್ನ ಕಂಪಾಸ್ ಪೆಟ್ಟಿಗೆ, ಒಂದು ವರ್ಷ ಕೆಟ್ಟುಹೋಗಿದ್ದ ಇಸ್ತ್ರಿಪೆಟ್ಟಿಗೆ ಕೂಡ. ಒಂದೊಂದಕ್ಕೂ ಕುಂಕುಮ, ಒಂದೊಂದು ಹೂವು. ಚಿಕ್ಕಪ್ಪ ಬೆಳಗ್ಗೆಯೇ ಮಿಂದು, ಕತ್ತಿ ಒರೆಸಿ, ಕೈಯಲ್ಲಿ ಹಿಡಿದು ಹೊಸ್ತಿಲಾಚೆ ಕುಳಿತಿರುತ್ತಿದ್ದರು, ಇಂಟರ್ವ್ಯೂಗೆ ಹೆಸರು ಕರೆಯುವುದನ್ನು ಕಾಯುವ ಅಭ್ಯರ್ಥಿಯಂತೆ.

"ಅಮ್ಮ, ಇಸ್ತ್ರಿಪೆಟ್ಟಿಗೆಗೆ ಕುಂಕುಮ ಇಟ್ಟೆ. ಇದಕ್ಕೆಂತ ಆಯ್ತ್?"

"ಇಸ್ತ್ರಿಪೆಟ್ಟಿಗೆ ಯಾರನ್ನೂ ಕೊಂದದ್ದಿಲ್ಲೆ."

"ಇದೂ ಕೊಂದದ್ದಿಲ್ಲೆ."

"ಕೊಲ್ಲೂಕೆ ಹುಟ್ಟಿದ್ದಲ್ದಾ? ಹೋಗ್, ಹಾಲ್ ಕುಡಿ."

ನಲವತ್ತು ದಾಟಿದ ಮಗನಿಗೆ ಹಾಲು ಕುಡಿಯಲು ಹೇಳಿ ಆಕೆ ಮಂಗಳಾರತಿಗೆ ಏಳುತ್ತಿದ್ದಳು. ಚಿಕ್ಕಪ್ಪ ನಗುತ್ತಿದ್ದರು. ಕತ್ತಿಯನ್ನು ಡಬ್ಬಿಗೆ ಸೇರಿಸುವಾಗ ಮಾತ್ರ ಆ ಮುಖದಲ್ಲಿ ನಗು ಇರುತ್ತಿರಲಿಲ್ಲ. ತಾವು ಪ್ರೀತಿಸಿ ಮಾಡಿಸಿಕೊಂಡದ್ದೊಂದಕ್ಕೆ ಅಮ್ಮ ಒಂದು ಬೊಟ್ಟು ಕುಂಕುಮ ಇಡಬೇಕು, ಅಷ್ಟೇ. ಆ ಮನುಷ್ಯ ಇಡೀ ಜನ್ಮದಲ್ಲಿ ಇನ್ನೇನನ್ನೂ ಕೇಳಿದ್ದು ನನಗೆ ಗೊತ್ತಿಲ್ಲ.

ಅಜ್ಜನ ಶ್ರಾದ್ಧ ಬರುತ್ತಿದ್ದುದು ಪಿತೃಪಕ್ಷದಲ್ಲಿ, ನವರಾತ್ರಿಗೆ ಸ್ವಲ್ಪ ಮುಂಚೆ. ನಾನು ಎಂಟನೆಯ ತರಗತಿಯಲ್ಲಿದ್ದ ವರ್ಷ, ಪುರೋಹಿತರು ಬಂದು ಕುಳಿತಾಗಿದೆ, ಮಡಿ ಅಡುಗೆಗೆ ಬಾಳೆಕಾಯಿ ಹೆಚ್ಚಲು ಅಜ್ಜಿ ಮೆಟ್ಟುಕತ್ತಿಯ ಮೇಲೆ ಕಾಲಿಟ್ಟಳು, ಅದರ ಅಲಗು ಮಣೆಯಿಂದ ಬುಡಸಮೇತ ಕಿತ್ತು ಬಂತು. ಕೆಳಗೆ ಹೋಟೆಲಿನಲ್ಲಿ ಕತ್ತಿಗಳಿಗೆ ಬರವಿರಲಿಲ್ಲ. ಆದರೆ ಅವೆಲ್ಲ ಹಗಲೂ ಇರುಳೂ ನೀರುಳ್ಳಿಯಲ್ಲಿ ಮುಳುಗೆದ್ದವು. ಅವುಗಳಿಂದ ಹೆಚ್ಚಿದ್ದನ್ನು ಪಿತೃಗಳು ಮುಟ್ಟುವುದಿಲ್ಲ. ಹೊಸದನ್ನು ತರೋಣವೆಂದರೆ ಅಂಗಡಿಗಳು ತೆರೆಯುವ ಹೊತ್ತಲ್ಲ. ಅಪ್ಪಯ್ಯ ಗಡಿಯಾರ ನೋಡಿದರು, ಪುರೋಹಿತರು ಅಪ್ಪಯ್ಯನನ್ನು ನೋಡಿದರು. ಅಜ್ಜಿಯ ಕಣ್ಣು ಮೆಲ್ಲಗೆ ಜಗಲಿಯ ಗೂಡಿನ ಕಡೆಗೆ ತಿರುಗಿತು. ಮುಂದೆ ನಡೆದದ್ದು ಒಂದು ವಿಚಾರಣೆ.

"ಅನಂತ, ಅದಕ್ಕೆ ನೀರುಳ್ಳಿ ತಾಗಿತ್ತಾ?"

"ಇಲ್ಲೆ."

"ಬೆಳ್ಳುಳ್ಳಿ?"

"ಇಲ್ಲೆ ಅಮ್ಮ."

"ಮತ್ತೆಂತ ತಾಗಿತ್ತ್?"

"ಸುವರ್ಣಗಡ್ಡೆ," ಎಂದರು ಚಿಕ್ಕಪ್ಪ. ಸ್ವಲ್ಪ ತಡೆದು, "ಒಂದ್ಸಲ ಹಲಸಿನಕಾಯಿ" ಎಂದು ಸೇರಿಸಿದರು. ಪ್ರಾಮಾಣಿಕತೆ.

ನಮ್ಮ ಇಡೀ ಮನೆಯಲ್ಲಿ, ಎರಡೂ ಅಂತಸ್ತುಗಳಲ್ಲಿ, ಮಡಿಯಾದ ಅಲಗು ಇದ್ದದ್ದು ಅದೊಂದೇ ಎಂದು ಸಾಬೀತಾಯಿತು. ಅಜ್ಜಿ ಅದರ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿಸಿ ಹೊಸ್ತಿಲು ದಾಟಿಸಿದಳು. ಮೊದಲ ಬಾಳೆಕಾಯಿಯ ಮೇಲೆ ಇಟ್ಟಾಗ ಕತ್ತಿ ತಾನಾಗಿ ಇಳಿದುಹೋಯಿತು. ಆಕೆ ಬೆಚ್ಚಿ ಕೈ ಹಿಂದೆಗೆದು, ಕತ್ತಿಯನ್ನು ತಿರುಗಿಸಿ ನೋಡಿ, ಮತ್ತೆ ಇಟ್ಟಳು. ಆಮೇಲೆ ಬೇಕಾದ್ದಕ್ಕಿಂತ ಹೆಚ್ಚೇ ಬಾಳೆಕಾಯಿ ಹೆಚ್ಚಿದಳೆಂದು ನನ್ನ ಗುಮಾನಿ. ಊಟವೆಲ್ಲ ಮುಗಿದ ಮೇಲೆ ಕತ್ತಿಯನ್ನು ತೊಳೆದು ಒರೆಸಿ ಮಗನ ಕೈಗೆ ಕೊಡುತ್ತ, "ನೀರ್ ಕೊಯ್ದಾಂಗೆ ಕೊಯ್ತ್ ಕಾಣ್" ಎಂದಳು. ಸ್ವಲ್ಪ ಹೊತ್ತಿನ ಬಳಿಕ, ಬೇರೆಲ್ಲೋ ನೋಡುತ್ತ, "ಈ ಸಲ ಆಯುಧಪೂಜೆಗೆ ತಾ" ಎಂದಳು. ಚಿಕ್ಕಪ್ಪ ಜಗಲಿಗೆ ಹೋಗಿ, ಮನೆಗೆ ಬೆನ್ನು ಹಾಕಿ ನಿಂತು, ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. ಸೆಕೆ ಎಂದರು. ಸೆಕೆ ಇದ್ದದ್ದು ಹೌದು.

ಪೂಜೆಯ ಹಿಂದಿನ ಸಂಜೆ ಅವರು ಕತ್ತಿಯನ್ನು ಅಮ್ಮನ ಕೈಗೆ ಒಪ್ಪಿಸಿದರು. ಒಪ್ಪಿಸಿ, ಹೋಟೆಲಿನ ಹಬ್ಬದ ಗಲಾಟೆಗೆ ಇಳಿದುಹೋದರು. ನಮ್ಮ ಮನೆಯಲ್ಲಿ ದೇವರ ಮುಂದೆ ಹೋಗುವ ಯಾವ ಲೋಹಕ್ಕೂ ಒಂದು ದೀಕ್ಷೆಯಿತ್ತು: ದೊಡ್ಡ ಹಿತ್ತಾಳೆಯ ಉರುಳಿಯಲ್ಲಿ ಹುಣಸೆಹುಳಿ, ಉಪ್ಪು ಕದಡಿದ ನೀರು, ಅದರಲ್ಲಿ ಬೆಳಗಾಗುವವರೆಗೆ ಮುಳುಗಿರುವುದು. ದೀಪಗಳು, ಗಂಟೆ, ಹರಿವಾಣ, ಪಂಚಪಾತ್ರೆ ಎಲ್ಲ ಆ ನೀರಿನಿಂದ ಮರುದಿನ ಮದುಮಕ್ಕಳಂತೆ ಎದ್ದು ಬರುತ್ತಿದ್ದವು. ಅಜ್ಜಿ ಹಳೆಯ ಮೆಟ್ಟುಕತ್ತಿಯನ್ನು ಆ ನೀರಿಗೆ ಹಾಕಿದವಳಲ್ಲ. ಅದು ಅಡುಗೆಮನೆಯದ್ದು, ಬರಿಯ ಬೂದಿ ಸಾಕು. ಮಗನ ಕತ್ತಿಗೆ ಅಷ್ಟು ಮರ್ಯಾದೆ ಸಾಲದೆಂದು ಆಕೆಗೆ ಅನಿಸಿತು. ಇಷ್ಟು ವರ್ಷ ಹೊರಗಿಟ್ಟದ್ದಕ್ಕೆ ಒಂದು ಪರಿಹಾರವೆಂಬಂತೆ, ದೇವರ ದೀಪಗಳ ನಡುವೆಯೇ, ತನ್ನ ಕೈಯಾರೆ ಅದನ್ನು ಮಲಗಿಸಿದಳು. ಹಿತ್ತಾಳೆಯ ಲೋಕದಲ್ಲೇ ಆಯುಷ್ಯ ಕಳೆದ ಆಕೆಗೆ ಉಕ್ಕೆಂದರೆ ಬೇರೆಯೇ ಜಾತಿಯೆಂದು ಹೇಳಿದವರು ಯಾರು?

ಬೆಳಗ್ಗೆ ಉರುಳಿಯ ನೀರು ಶಾಯಿಯಂತೆ ಕಪ್ಪಗಾಗಿತ್ತು. ನಾನು ಹಲ್ಲುಜ್ಜುತ್ತ ಅಲ್ಲೇ ನಿಂತಿದ್ದೆ. ಅಜ್ಜಿ ಕೈ ಹಾಕಿ ದೀಪಗಳನ್ನು ಒಂದೊಂದಾಗಿ ತೆಗೆದು, ಕೊನೆಗೆ ಕತ್ತಿ ತೆಗೆದಳು. ಕನ್ನಡಿಯಂತಿದ್ದ ಅಲಗು ಸುಟ್ಟ ದೋಸೆಯ ಹಿಂಬದಿಯಂತೆ ಕಪ್ಪಾಗಿ, ಮೈತುಂಬ ಸಿಡುಬಿನ ಕಲೆಗಳಂತೆ ಕುಳಿ ಬಿದ್ದಿತ್ತು. ಅಂಚು ಇಲಿ ಕಡಿದ ಕಾಗದದಂತಿತ್ತು. ಹಿಡಿಯ ಮೂರು ಹಿತ್ತಾಳೆಯ ಮೊಳೆಗಳು ಮಾತ್ರ ಅಪರಂಜಿಯಾಗಿ ಝಗಝಗಿಸುತ್ತಿದ್ದವು. ಅಜ್ಜಿ ಕಂಡದ್ದು ಆ ಮೊಳೆಗಳನ್ನು.

"ಕಾಣ್ ಅನಂತ, ಹ್ಯಾಂಗೆ ಹೊಳೀತಿತ್ತ್. ನಿನ್ನ ಎಣ್ಣೆಯಲ್ಲಿ ಹೀಂಗೆ ಹೊಳದದ್ದಿತ್ತಾ?"

ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ಕತ್ತಿಯನ್ನು ನೋಡಿದರು. ಆಮೇಲೆ ಅಮ್ಮನ ಕೈಗಳನ್ನು ನೋಡಿದರು. ಹುಳಿನೀರಿನಲ್ಲಿ ನೆನೆದು ಬಿಳಿಚಿಕೊಂಡ, ನೆರಿಗೆಗಟ್ಟಿದ ಬೆರಳುಗಳು. ನನ್ನ ಬಾಯಲ್ಲಿ ಪೇಸ್ಟಿನ ನೊರೆ ತುಂಬಿತ್ತು. ಅಪ್ಪಯ್ಯ ಪತ್ರಿಕೆ ಓದುವುದನ್ನು ನಿಲ್ಲಿಸಿದ್ದರು. ನನ್ನ ಅಮ್ಮ ಒಲೆಯ ಕಡೆಗೆ ತಿರುಗಿ ನಿಂತಿದ್ದಳು.

"ಇಲ್ಲೆ ಅಮ್ಮ," ಎಂದರು ಚಿಕ್ಕಪ್ಪ, "ಇಷ್ಟ್ ಹೊಳದದ್ದಿಲ್ಲೆ."

ಮಣೆಯ ಮೇಲೆ, ಕಾಯಿ ಹೆರೆಯುವ ಮಣೆಗೂ ಬೀಗದ ಕೈಗೂ ನಡುವೆ ಅದಕ್ಕೆ ಸ್ಥಾನ ಸಿಕ್ಕಿತು. ಅಜ್ಜಿ ದೊಡ್ಡ ಬೊಟ್ಟನ್ನೇ ಇಟ್ಟಳು. ಅದರ ಮೇಲೆ ಕೆಂಪು ದಾಸವಾಳ. ಚಿಕ್ಕಪ್ಪ ಉದ್ದಕ್ಕೆ ಅಡ್ಡಬಿದ್ದರು, ಏಳಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡರು.

ಹಬ್ಬ ಕಳೆದ ಮೇಲೆ ನಾವಿಬ್ಬರೂ ಮಾಧವರಂಗೆ ಹೋದೆವು. ಕತ್ತಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ ಆಚಾರಿಗೆ, ತಾವು ಬಡಿದ ಕತ್ತಿಯ ಗುರುತು ಹಿಡಿಯಲು ಹಿಡಿಯನ್ನು ನೋಡಬೇಕಾಯಿತು. "ಯಾರು ಸಾಮಿ, ಇದುಲ ರಸಂ ವೆಚ್ಚದು?" ಎಂದರು. ಇದರಲ್ಲಿ ಸಾರು ಕುದಿಸಿದ್ದು ಯಾರು ಎಂಬ ಆ ಪ್ರಶ್ನೆಗೆ ನಗಲು ನಾವಿಬ್ಬರೂ ಪ್ರಯತ್ನಪಟ್ಟೆವು. ಸರಿಮಾಡಬಹುದು ಎಂದರು ಆಚಾರಿ. ಮೊಳೆ ಕಿತ್ತು, ಹಿಡಿ ಬಿಚ್ಚಿ, ಅಲಗನ್ನು ಹೊಸದಾಗಿ ಉಜ್ಜಿ ಇಳಿಸಬೇಕು. ಸಣ್ಣದಾಗುತ್ತದೆ, ಆದರೆ ಕತ್ತಿಯಾಗುತ್ತದೆ. ಚಿಕ್ಕಪ್ಪ ಹೆಬ್ಬೆರಳಿನಿಂದ ಆ ಹೊಳೆಯುವ ಮೊಳೆಗಳನ್ನು ಸವರುತ್ತ ಕುಳಿತರು. ಸಣ್ಣದಾದರೆ ಅಮ್ಮ ಕೇಳುತ್ತಾಳೆ ಏಕೆ ಸಣ್ಣದಾಯಿತೆಂದು. "ಬೇಡ ಆಚಾರಿ," ಎಂದರು ಕೊನೆಗೆ ತಮಿಳಿನಲ್ಲಿ, "ಅಮ್ಮ ತೊಳೆದಿದ್ದು. ಇರಲಿ." ಬಸ್ಸಿನಲ್ಲಿ ಅವರು ನನಗೆ ಕಿಟಕಿಯ ಸೀಟು ಕೊಟ್ಟರು. ಹಾಲಿನ ಡೈರಿ ದಾಟುವವರೆಗೂ ಯಾವುದೋ ವ್ಯಾಪಾರದ ಮಾತಾಡಿದರು.

ನನಗೆ ಇವತ್ತಿಗೂ ಸಂಕಟವಾಗುವುದು ಆ ಒಂದು ವರ್ಷದ್ದಲ್ಲ, ಆಮೇಲಿನ ವರ್ಷಗಳದ್ದು. ಒಮ್ಮೆ ಹೊಳೆದದ್ದು ಮತ್ತೆ ಹೊಳೆಯಬೇಡವೇ? ಪ್ರತಿ ನವರಾತ್ರಿಗೂ ಅಜ್ಜಿ ತಪ್ಪದೆ, "ಅನಂತ, ನಿನ್ನ ಕತ್ತಿ ತಾ" ಎನ್ನುತ್ತಿದ್ದಳು. ಚಿಕ್ಕಪ್ಪ ತಪ್ಪದೆ ತಂದುಕೊಡುತ್ತಿದ್ದರು. ಹುಣಸೆಹುಳಿಯೂ ತಪ್ಪದೆ ತನ್ನ ಪಾಲು ತಿನ್ನುತ್ತಿತ್ತು. ಲಾರಿಯ ಭಾರ ಹೊತ್ತ ಉಕ್ಕು ಒಬ್ಬ ಮುದುಕಿಯ ಪ್ರೀತಿಯನ್ನು ತಡೆಯಲಾರದೆ ವರ್ಷ ವರ್ಷ ತೆಳ್ಳಗಾಯಿತು. ಚಿಕ್ಕಪ್ಪ ಅದನ್ನು ಕೋಯಂಬೇಡಿಗೆ ಒಯ್ಯುವುದನ್ನು ಬಿಟ್ಟರು. ಉಳಿದ ಎರಡು ಕತ್ತಿಗಳನ್ನು ಯಾರಿಗೋ ಕೊಟ್ಟರು. ಸಂಜೆಯ ಜಗಲಿಯಲ್ಲಿ ಲವಂಗದ ವಾಸನೆ ನಿಂತುಹೋಯಿತು. ಅಜ್ಜಿ ಇದನ್ನು ಗಮನಿಸದೆ ಇರಲಿಲ್ಲ. ಗಮನಿಸಿ, ಬಂದವರಿಗೆಲ್ಲ ಸಂತೋಷದಿಂದ ಹೇಳಿಕೊಂಡಳು: "ದೇವ್ರ ಎದುರು ಒಂದ್ಸಲ ಇಟ್ಟದ್ದೇ ಸೈ, ನಮ್ ಅನಂತಂಗೆ ಕತ್ತಿ ಹುಚ್ಚ್ ಬಿಟ್ಟೇ ಹೋಯ್ತ್." ಪಕ್ಕದಲ್ಲೇ ಕುಳಿತಿರುತ್ತಿದ್ದ ಚಿಕ್ಕಪ್ಪ ಹೌದೆಂದು ತಲೆ ಆಡಿಸುತ್ತಿದ್ದರು. ಅಪ್ಪಯ್ಯನೂ ಆಡಿಸುತ್ತಿದ್ದರು, ನನ್ನ ಅಮ್ಮನೂ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಬೇಸರ ಮಾಡುತ್ತಿರಲಿಲ್ಲ. ಬಹಳ ಸಭ್ಯವಾದ, ಬಹಳ ಸದ್ದಿಲ್ಲದ ಮನೆ. ರುಬ್ಬುವ ಯಂತ್ರವೊಂದೇ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು.

ಅದೂ ನಿಂತಿತು. ಅಪ್ಪಯ್ಯನಿಗೆ ಕೈಲಾಗದಾಯಿತು, ಬೀದಿಗೆ ನಮ್ಮ ಇಡ್ಲಿ ಬೇಡವಾಯಿತು, ಕಟ್ಟಡವನ್ನು ಜವಳಿಯವರು ಕೊಂಡರು. ಈಗ ನಮ್ಮ ಅಡುಗೆಮನೆಯಿದ್ದಲ್ಲಿ ನೈಟಿಗಳು ತೂಗಾಡುತ್ತವೆ. ದೇವರ ಕೋಣೆಯಿದ್ದ ಕಡೆ ಬಟ್ಟೆ ತೊಟ್ಟು ನೋಡುವ ಗೂಡು. ನಾವು ಮಾಧವರಂನ ಒಂದು ಕಾಲೊನಿಗೆ ಹೋದೆವು. ಅಲ್ಲಿಂದ ಆಚಾರಿಯ ಕುಲುಮೆ ನಡೆಯುವಷ್ಟು ಹತ್ತಿರ. ಚಿಕ್ಕಪ್ಪ ಒಮ್ಮೆಯೂ ಆ ಕಡೆ ಹೋಗಲಿಲ್ಲ. ತರಕಾರಿಯವನ ತಳ್ಳುಗಾಡಿಯ ಮುಂದೆ ನಿಂತು ಸುವರ್ಣಗಡ್ಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತ, "ಇದ್ ಒಳಗೆ ಹ್ಯಾಂಗಿತ್ತೋ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡದ್ದನ್ನು ಮಾತ್ರ ಕೇಳಿದ್ದೇನೆ. ಒಂದು ಬೇಸಗೆಯಲ್ಲಿ, ಮಧ್ಯಾಹ್ನದ ನಿದ್ರೆಯಲ್ಲಿ, ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟರು. ಅಜ್ಜಿ ಇನ್ನೂ ಇದ್ದಳು.

ಆ ವರ್ಷದ ಆಯುಧಪೂಜೆಗೆ ಆಕೆಗೆ ಕಣ್ಣು ಪೂರಾ ಮಂಜಾಗಿತ್ತು. ಮಣೆಯ ಮುಂದೆ ಕೂರಿಸಿದಾಗ ಕೈಚಾಚಿ, "ಅನಂತನ ಕತ್ತಿ ತಾ ಮಾಣಿ, ಮೊದ್ಲ್ ಅದಕ್ಕೆ ಕುಂಕುಮ" ಎಂದಳು. ತಂದುಕೊಟ್ಟೆ. ಅಷ್ಟು ವರ್ಷ ಆಕೆ ಅದನ್ನು ನೋಡುತ್ತಿದ್ದದ್ದು ಕಣ್ಣಿನಿಂದ, ಹಿತ್ತಾಳೆಯ ಹೊಳಪಿನಲ್ಲಿ. ಆ ದಿನ ಮೊದಲ ಬಾರಿಗೆ ಬೆರಳಿನಿಂದ ನೋಡಿದಳು. ಹಿಡಿಯಿಂದ ಹೊರಟು, ಹೆಬ್ಬೆರಳು ಅಲಗಿನ ಗುಂಟ ನಿಧಾನವಾಗಿ, ಕುಳಿಗಳಲ್ಲಿ ಇಳಿದು ಹತ್ತಿ, ಮೊನೆಯಿದ್ದ ಜಾಗದ ತನಕ ಹೋಯಿತು. ಮತ್ತೆ ಹಿಂದಕ್ಕೆ ಬಂತು.

"ಇದ್ ಬಾಳೆಕಾಯಿ ನೀರ್ ಕೊಯ್ದಾಂಗೆ ಕೊಯ್ದಿತ್ತಲೆ," ಎಂದಳು. "ಹುಣ್ಸೆಹುಳಿ ಬಾಳ ಹಾಕ್ತಿದ್ನಾ ನಾನ್?"

"ಇಲ್ಲ ಅಜ್ಜಿ, ಸ್ವಲ್ಪ."

ಬಹಳ ಹೊತ್ತು ಕತ್ತಿ ಆಕೆಯ ಮಡಿಲಲ್ಲಿತ್ತು. ಆರತಿಯ ಕರ್ಪೂರ ತಟ್ಟೆಯಲ್ಲಿ ಕಾಯುತ್ತಿತ್ತು.

"ಅಂವ ಹೇಳ್ಬೌದಿತ್ತ್," ಎಂದಳು ಅಜ್ಜಿ. "ಒಂದ್ ಮಾತ್ ಹೇಳ್ಬೌದಿತ್ತ್ ನಂಗೆ."

ಕುಂಕುಮ ಇಡುವಾಗ ಬೊಟ್ಟು ಅಲಗಿನ ಮೇಲೆ ಬೀಳದೆ ಮಣೆಯ ಮೇಲೆ ಬಿತ್ತು. ನಾನು ಬೆರಳು ಹಿಡಿದು ಇಡಿಸಿದೆ. ಮುಂದಿನ ನವರಾತ್ರಿಗೆ ಆಕೆಯೂ ಇರಲಿಲ್ಲ.

ಕತ್ತಿ ಈಗ ನನ್ನ ಬಳಿ ಇದೆ, ವಡಪಳನಿಯ ಈ ಫ್ಲ್ಯಾಟಿನಲ್ಲಿ, ಹೊಸ್ತಿಲೊಳಗೆ. ಬೆಣ್ಣೆಯನ್ನೂ ಕೊಯ್ಯದ ತಗಡು. ನನ್ನ ಮಗಳು ಒಮ್ಮೆ ಅದನ್ನು ಹಿಡಿದು ನೋಡಿ, "ಅಪ್ಪಾ, ಇದು ಗ್ರಿಪ್ಪೇ ಸರಿಯಾ ಇಲ್ಲ" ಎಂದು ಅರ್ಧ ತಮಿಳಿನಲ್ಲಿ ದೂರಿ ಕೆಳಗಿಟ್ಟಳು. ನಾನೂ ಹಿಡಿದು ನೋಡಿದ್ದೇನೆ. ನನ್ನ ಬೆರಳು ಎಲ್ಲಿಟ್ಟರೂ ಹಿಡಿಯ ತಗ್ಗುಗಳು ಬೇರೊಂದು ಕಡೆ ಇರುತ್ತವೆ. ಉಕ್ಕು ಕರಗಿದರೂ ಬೀಟೆಮರ, ಪೂರಿಹಿಟ್ಟಿನಿಂದ ಕಲಿತ ಮುಷ್ಟಿಯನ್ನು ಬಿಟ್ಟುಕೊಟ್ಟಿಲ್ಲ. ಪೂಜೆಯ ಹಿಂದಿನ ದಿನ ಹೆಂಡತಿ ದೀಪಗಳನ್ನು ಹುಳಿನೀರಿಗೆ ಹಾಕುವಾಗ ನಾನು ಕತ್ತಿಯನ್ನು ಬೇರೆ ಕೋಣೆಗೆ ಒಯ್ದು ಲವಂಗದ ಎಣ್ಣೆ ಸವರುತ್ತೇನೆ. ಉಳಿಸಲು ಅಲ್ಲಿ ಏನೂ ಉಳಿದಿಲ್ಲ ಎಂಬುದು ನನಗೂ ಗೊತ್ತಿದೆ.

ಈ ವಾಸನೆಯೊಳಗೆ ನಾನು ಎಷ್ಟು ಹೊತ್ತು ಮುಳುಗಿದ್ದೆನೋ. ಕಣ್ಣಂಚಿನಲ್ಲಿ ಏನೋ ಹರಿದಿರಬೇಕು, ಆ ಹುಡುಗಿ ತನ್ನ ಉಪಕರಣ ಹಿಂದೆಗೆದು, ಗಾಬರಿಯಿಂದ ನನ್ನ ಮೇಲೆ ಬಾಗಿ, "ವಲಿಕ್ಕುದಾ ಸಾರ್?" ಎಂದು ಕೇಳಿದಳು. ನೋಯುತ್ತದೆಯೇ? ಬಾಯಿತುಂಬ ಹತ್ತಿ ಇತ್ತು. ನಮ್ಮ ಮನೆಯ ಪದ್ಧತಿಯಂತೆ, ಇಲ್ಲವೆಂದು ತಲೆ ಆಡಿಸಿದೆ.